ಬಿಸಿಲಿನ ಕಡೆ

"ಬಿಡಿ ಸಾಹುಕಾರ್ರೆ, ಹತ್ತು ಹೆಜ್ಜೆ ಆಯ್ತು," ಎಂದು ಸತ್ತವನ ಭಾವಮೈದುನ ರಜಬ್ ಅಲಿ ಹಿಂದಿನಿಂದ ಮೆಲ್ಲಗೆ ಬೆನ್ನು ಮುಟ್ಟಿದ.

ಓಂಕಾರಮೂರ್ತಿಗಳು ಬಿಡಲಿಲ್ಲ. ಜನಾಜಾದ ಮುಂದಿನ ಹಿಡಿಯನ್ನು ಹೆಗಲಿಗೇರಿಸಿಕೊಂಡವರು ಬಣಕಲ್ಲಿನ ಮಸೀದಿಯ ಇಳಿಜಾರು ಇಳಿದು, ಬಸ್ಸಿನ ರಸ್ತೆ ದಾಟಿ, ಕಾಫಿ ತೋಟದ ಬೇಲಿಯವರೆಗೆ ಬಂದರೂ ಹಿಡಿದ ಕೈ ಸಡಿಲಿಸಿರಲಿಲ್ಲ. ಅರವತ್ಮೂರು ವರ್ಷದ ಹೆಗಲು ಅದು, ಆಗಲೇ ಉರಿಯತೊಡಗಿತ್ತು.

"ನನಗಿನ್ನೂ ಶಕ್ತಿ ಇದೆ ಕಣಪ್ಪ."

"ಶಕ್ತಿ ಮಾತಲ್ಲ ಸಾಹುಕಾರ್ರೆ. ನಮ್ಮಲ್ಲಿ ಕ್ರಮ ಹಾಗೆ. ಹತ್ತು ಹೆಜ್ಜೆ ಹೊತ್ತು ಹಿಂದಿನವ್ರಿಗೆ ದಾಟಿಸ್ಬೇಕು. ಎಲ್ರಿಗೂ ಸಿಗ್ಬೇಕಲ್ವಾ? ನೀವೊಬ್ರೇ ಒಂದೇ ಕಡೆ ಹಿಡ್ಕೊಂಡು ನಡೆದ್ರೆ ಹೇಗೆ?"

ಅವರಿಗೆ ನಾಚಿಕೆಯಾಯಿತು. ಗೊತ್ತಿರಲಿಲ್ಲ ಮಾರಾಯ, ಎಂದು ಗೊಣಗಿ ಪಕ್ಕಕ್ಕೆ ಸರಿದರು. ಅವರ ಜಾಗಕ್ಕೆ ಲಾರಿಗೆ ಮೂಟೆ ಹೇರುವ ಒಬ್ಬ ಮುದುಕ ಬಂದ, ಹತ್ತು ಹೆಜ್ಜೆ ನಡೆದು ಅವನೂ ಸರಿದ, ಇನ್ನೊಬ್ಬ ಬಂದ. ಹೆಗಲುಗಳು ಬದಲಾಗುತ್ತಾ ಹೋದವು, ಜನಾಜಾ ಮಾತ್ರ ನಿಲ್ಲದೆ ಮುಂದೆ ತೇಲಿಹೋಗುತ್ತಿತ್ತು. ಬೆಳಿಗ್ಗೆ ಮನೆ ಬಿಡುವಾಗ ಓಂಕಾರಮೂರ್ತಿಗಳಿಗಿದ್ದ ಅಳುಕೇ ಬೇರೆ. ಲಿಂಗ ಕಟ್ಟಿದ ಈ ಮನುಷ್ಯನಿಗೆ ಹೆಗಲು ಕೊಡಲು ಬಿಡುತ್ತಾರೋ ಇಲ್ಲವೋ ಎಂದು. ಯಾರೂ ಒಂದು ಮಾತು ಕೇಳಲಿಲ್ಲ, ಬನ್ನಿ ಎಂದು ಜಾಗ ಬಿಟ್ಟರು. ಹಾಗೆ ಸಿಕ್ಕಿದ್ದನ್ನು ಅವರು ಎಂದಿನ ಅಭ್ಯಾಸದಂತೆ ತಮ್ಮದೇ ಮಾಡಿಕೊಂಡುಬಿಟ್ಟಿದ್ದರು, ಅಷ್ಟೆ.

ಸತ್ತವನು ಖಾದರ್. ಹೊಸಗುಡ್ಡ ಪ್ಲಾಂಟರ್ಸ್ ಕ್ಲಬ್ಬಿನ ಟೆನಿಸ್ ಮಾರ್ಕರ್. ಅಂದು ಶುಕ್ರವಾರ, ಸಾವಿರದ ಒಂಬೈನೂರ ಎಂಬತ್ತೇಳರ ಡಿಸೆಂಬರ್ ಹದಿನೆಂಟು. ಸಂಜೆ ಸ್ವೀಡನ್ನಿನಲ್ಲಿ ಡೇವಿಸ್ ಕಪ್ ಟೆನಿಸ್ಸಿನ ಫೈನಲ್ ಶುರುವಾಗುವುದಿತ್ತು. ಆಸ್ಟ್ರೇಲಿಯಾದವರನ್ನು ಅವರ ನೆಲದಲ್ಲೇ ಸೋಲಿಸಿ ನಮ್ಮ ಹುಡುಗರು ಅಲ್ಲಿಗೆ ಹೋಗಿದ್ದರು. ಅದಕ್ಕೆಂದು ಖಾದರ್ ಬೆಳಕು ಹರಿಯುವ ಮೊದಲೇ ಕ್ಲಬ್ಬಿಗೆ ಬಂದು ಕೋರ್ಟಿಗೆ ಹೊಸ ಸುಣ್ಣದ ಗೆರೆ ಹಾಕತೊಡಗಿದ್ದ. ಕಾವಲುಗಾರ ಬಂದು ನೋಡುವಾಗ ಕ್ಲಬ್ಬಿನ ಬಂಗಲೆಯ ಕಡೆಯ ಅರ್ಧ ಕೋರ್ಟಿನ ಗೆರೆ ಮುಗಿದಿತ್ತು. ಖಾದರ್ ನೆಟ್ಟಿನ ಬುಡದಲ್ಲಿ ಒರಗಿ ಕೂತಿದ್ದ, ಮಡಿಲಲ್ಲಿ ಕುಂಚ. ಮಂಜಿನಲ್ಲಿ ಅವನ ಗಡ್ಡವೂ ಸುಣ್ಣವೂ ಒಂದೇ ಬಣ್ಣ ಕಂಡಿತಂತೆ.

ಆದರೆ ಕ್ಲಬ್ಬಿನ ಸೆಕ್ರೆಟರಿ ಬೆಳ್ಳಿಯಪ್ಪ ಫೋನಿನಲ್ಲಿ ಹೇಳಿದ ಇನ್ನೊಂದು ಸಂಗತಿ ಓಂಕಾರಮೂರ್ತಿಗಳ ತಲೆಯಲ್ಲಿ ಬೆಳಿಗ್ಗೆಯಿಂದ ಸುತ್ತುತ್ತಿತ್ತು. "ಬಂಗಲೆ ಕಡೆ ಬೆತ್ತದ ಕುರ್ಚಿ ಇದ್ಯಲ್ಲ ಮೂರ್ತಿ, ನೀನು ಟವೆಲ್ ಹಾಕ್ತಿದ್ದ ಕುರ್ಚಿ, ಅದರ ಮೇಲೆ ಅವನ ರಾಕೆಟ್ ಇತ್ತು. ಹದಿಮೂರು ವರ್ಷ ಮುಟ್ಟದೇ ಇದ್ದವ ಇವತ್ತು ಯಾಕೆ ತಂದ ಅಂತ?"

ಹದಿಮೂರು ವರ್ಷಗಳ ಹಿಂದೆ ಖಾದರ್ ಅವರೊಂದಿಗೆ ಆಡುವುದನ್ನು ನಿಲ್ಲಿಸಿದ್ದ. ಯಾಕೆಂದು ಅವರು ಒಂದು ಸಲವೂ ಕೇಳಿರಲಿಲ್ಲ. ನಾಳೆ ಕೇಳೋಣ, ಬರುವ ವಾರ ಕೇಳೋಣ ಎಂದುಕೊಂಡೇ ದಿನ ದೂಡಿದವರು ಈಗ ಕೇಳಬೇಕಾದವನ ಹಿಂದೆ ಬರಿಗಾಲಲ್ಲಿ ನಡೆಯುತ್ತಿದ್ದರು. ಉತ್ತರ ಸಿಗದೆ ಮನೆಗೆ ಹೋದರೆ ತನಗೆ ಇನ್ನು ನಿದ್ದೆ ಹತ್ತುವುದಿಲ್ಲ ಎಂದು ಅವರಿಗೆ ಖಚಿತವಾಗಿತ್ತು.

*

ಮಾರ್ಕರ್ ಎಂದರೆ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಗೆರೆ ಬರೆದು, ಜೊತೆ ಸಿಗದ ಮೆಂಬರಿಗೆ ಎದುರು ನಿಂತು ಆಡುವವನು. ಆಡುವವನು ಹೌದು, ಗೆಲ್ಲುವವನಲ್ಲ. ಮೆಂಬರ್ ಹೊಡೆಯಲು ಹದವಾಗುವಂತೆ ಚೆಂಡನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ವಾಪಸು ಕಳಿಸಬೇಕು. ಆ ಕೆಲಸದಲ್ಲಿ ಖಾದರನನ್ನು ಮೀರಿಸಿದವರು ಈ ಸೀಮೆಯಲ್ಲಿರಲಿಲ್ಲ.

ಹೊಸಗುಡ್ಡದ ಕೋರ್ಟಿನಲ್ಲಿ ಒಂದು ದೋಷವಿತ್ತು. ಯಾವ ಕಾಲದ್ದೋ ಇಂಗ್ಲಿಷ್ ದೊರೆ ಗುಡ್ಡ ಕಡಿಸುವಾಗ ಸಮತಟ್ಟು ಸಿಕ್ಕಿದ್ದು ಪೂರ್ವ ಪಶ್ಚಿಮವಾಗಿ ಮಾತ್ರ. ಎಲ್ಲರೂ ಆಡಲು ಬರುವುದು ತೋಟದ ಕೆಲಸ ಮುಗಿಸಿ ಸಂಜೆ. ಆಗ ಬಂಗಲೆಯ ಕಡೆ ನಿಂತವನಿಗೆ ಬಿಸಿಲು ಬೆನ್ನಿಗೆ, ಎದುರಿನವನಿಗೆ ಬಿಸಿಲು ನೇರ ಕಣ್ಣಿಗೆ. ಮೆಂಬರು ಮೆಂಬರು ಆಡುವಾಗ ಗೇಮು ಮುಗಿದಂತೆ ಕಡೆ ಬದಲಾಯಿಸಿಕೊಳ್ಳುತ್ತಿದ್ದರು. ಮಾರ್ಕರ್ ಜೊತೆ ಆಡುವಾಗ ಬದಲಾಯಿಸುವ ಪದ್ಧತಿಯೇ ಇರಲಿಲ್ಲ. ಮಾರ್ಕರನದು ಬಿಸಿಲಿನ ಕಡೆ. ಯಾರೂ ಬರೆದಿಟ್ಟ ನಿಯಮವಲ್ಲ ಅದು, ಯಾರೂ ಯೋಚಿಸಿಯೂ ಇರಲಿಲ್ಲ.

ಹದಿನೇಳು ವರ್ಷ ಓಂಕಾರಮೂರ್ತಿಗಳು ಖಾದರನ ಜೊತೆಗೇ, ಬಂಗಲೆಯ ಕಡೆ ನಿಂತು ಆಡಿದರು. ಕಾಫಿ ಹೂ ಬಿಟ್ಟ ಸಂಜೆಗಳಲ್ಲಿ ಇಡೀ ಗುಡ್ಡವೇ ಘಮಘಮ ಎನ್ನುತ್ತಿರುವಾಗ, ಆಚೆ ಕಡೆ ಹೊಂಬಿಸಿಲಿನಲ್ಲಿ ಮಿಂದಂತೆ ಖಾದರ್ ಓಡಾಡುವುದು ಎಷ್ಟು ಚಂದ ಕಾಣುತ್ತಿತ್ತು. ಅವನು ಕಣ್ಣು ಕಿರಿದು ಮಾಡುವುದನ್ನು ಅವರು ನಗು ಎಂದೇ ತಿಳಿದಿದ್ದರು. ಮನೆಯಲ್ಲಿ ಹೆಂಡತಿ ಸರ್ವಮಂಗಳಾ, "ಇವತ್ತೂ ಗೆದ್ರಾ? ದಿನಾ ಗೆಲ್ಲೋದು ಅಂದ್ರೆ ನಿಮಗೂ ಬೇಜಾರಾಗಲ್ವಾ?" ಎಂದು ಕಾಲೆಳೆಯುತ್ತಿದ್ದರು. ಬೇಜಾರೇನು ಬಂತು. ಗಂಡಸಿಗೆ ಗೆಲುವು ಬೇಜಾರಾಗುವುದಿಲ್ಲ.

ಎಪ್ಪತ್ನಾಲ್ಕರಲ್ಲಿ ನಮ್ಮವರು ಡೇವಿಸ್ ಕಪ್ಪಿನ ಫೈನಲ್ಲಿಗೆ ಬಂದರು. ಖಾದರ್ ಕ್ಲಬ್ಬಿನ ರೇಡಿಯೋ ಕಿಟಕಿಯ ಕೆಳಗೆ ನಿಂತು ಒಂದೊಂದು ಪಾಯಿಂಟೂ ಬಾಯಿಪಾಠ ಮಾಡಿಕೊಂಡಿದ್ದ. ಆಮೇಲೆ ಸುದ್ದಿ ಬಂತು. ಎದುರಾಳಿ ದಕ್ಷಿಣ ಆಫ್ರಿಕಾ, ಅಲ್ಲಿ ಕರಿಯರಿಗೊಂದು ಬಿಳಿಯರಿಗೊಂದು ಕಾನೂನು, ಆದ್ದರಿಂದ ನಮ್ಮ ದೇಶ ಆಡುವುದಿಲ್ಲ, ಕಪ್ಪು ಹೋದರೆ ಹೋಗಲಿ. ಆ ರಾತ್ರಿಯ ಊಟದ ಕೂಟದಲ್ಲಿ ಓಂಕಾರಮೂರ್ತಿಗಳು ಎದ್ದು ನಿಂತು ಮಾತಾಡಿದರು. ಇಬ್ಬರಿಗೂ ಒಂದೇ ನ್ಯಾಯ ಇಲ್ಲದ ಕಡೆ ಆಡದೇ ಇರುವುದೇ ಗೌರವ ಎಂದರು. ಚಪ್ಪಾಳೆ ಬಿತ್ತು. ಕಿಟಕಿಯಾಚೆ ಖಾದರ್ ನಿಂತಿದ್ದ, ಅವನೂ ಚಪ್ಪಾಳೆ ತಟ್ಟಿದ.

ಮರುದಿನ ಸಂಜೆ ಅವನು ತನ್ನ ಜಾಗಕ್ಕೆ ಹೋಗದೆ ನೆಟ್ಟಿನ ಹತ್ತಿರವೇ ನಿಂತ. "ಸಾಹುಕಾರ್ರೆ, ಇವತ್ತು ಸೈಡ್ ಬದಲಾಯ್ಸಿ ಆಡೋಣ್ವಾ?"

"ಬಿಸಿಲು ನನ್ನ ಕಣ್ಣಿಗೆ ಆಗಲ್ಲ ಮಾರಾಯ. ಹೋಗು ಹೋಗು, ಕತ್ತಲೆ ಆಗ್ತದೆ," ಎಂದು ಓಂಕಾರಮೂರ್ತಿಗಳು ನಕ್ಕರು.

ಖಾದರ್ ಹೋಗಿ ನಿಂತ. ಅಂದಿನ ಆಟ ಮುಗಿಸಿದ. ಮಾರನೆಯ ದಿನ ಮಂಡಿ ನೋವು, ಇನ್ನು ಆಡಲು ಆಗುವುದಿಲ್ಲ, ಕೋರ್ಟಿನ ಕೆಲಸ ನೋಡಿಕೊಳ್ಳುತ್ತೇನೆ ಎಂದ. ಮಂಡಿ ನೋವಿನ ಮನುಷ್ಯ ರೋಲರ್ ಎಳೆಯುವುದನ್ನು ಅವರು ಹದಿಮೂರು ವರ್ಷ ನೋಡಿದರು. ಸುಳ್ಳೆಂದು ಗೊತ್ತಿತ್ತು. ಕೇಳಲು ಮಾತ್ರ ಬಾಯಿ ಬರಲಿಲ್ಲ.

*

ಖಬರಸ್ತಾನದಲ್ಲಿ ಎಲ್ಲರೊಂದಿಗೆ ಅವರೂ ಮೂರು ಹಿಡಿ ಮಣ್ಣು ಹಾಕಿದರು. ಕೋರ್ಟಿನ ಮಣ್ಣಿನಷ್ಟೇ ಕೆಂಪು ಮಣ್ಣು. ಗುಡ್ಡೆ ಮಾಡಿದ ಮೇಲೆ ರಜಬ್ ಅಲಿ ಕೊಡದಿಂದ ನೀರು ಚಿಮುಕಿಸಿದ, ತಲೆಯಿಂದ ಕಾಲಿನವರೆಗೆ ಒಂದೇ ಸಮನೆ. ಕೋರ್ಟಿಗೆ ನೀರು ಹಾಕುತ್ತಿದ್ದ ಭಾವನಿಂದಲೇ ಕಲಿತಿರಬೇಕು ಎಂದುಕೊಂಡರು. ಹಿಂದೆ ನಿಂತು ಯಾರಿಗೂ ಕಾಣದಂತೆ ಅತ್ತರು.

ರಜಬ್ ಅಲಿ ಖಾದರನ ಹೆಂಡತಿಯ ತಮ್ಮ, ಬಣಕಲ್ಲಿನಲ್ಲಿ ಜೀಪು ರಿಪೇರಿ ಮಾಡುವವನು. "ಮನೆಗೆ ಬಂದು ಹೋಗಿ ಸಾಹುಕಾರ್ರೆ. ಅಕ್ಕ ನಿಮ್ಹತ್ರ ಮಾತಾಡ್ಬೇಕಂತೆ," ಎಂದ.

ಜಗಲಿಯಲ್ಲಿ ಚಾಪೆ ಹಾಸಿದ್ದರು. ಒಳಬಾಗಿಲಿಗೆ ಪರದೆ ಇಳಿಬಿಟ್ಟಿತ್ತು. ಗಂಡ ತೀರಿಕೊಂಡ ರೌಶನ್ ಬೀ ಇನ್ನು ನಾಲ್ಕು ತಿಂಗಳು ಹತ್ತು ದಿನ ಹೊರಗಿನವರ ಮುಂದೆ ಬರುವಂತಿರಲಿಲ್ಲ. ದನಿ ಮಾತ್ರ ಬಂತು, ಅತ್ತು ಅತ್ತು ತೆಳುವಾದ ದನಿ.

"ಚಾ ತಗೊಳ್ಳಿ. ಪಕ್ಕದ ಮನೆಯವ್ರು ಮಾಡಿ ತಂದಿದ್ದು."

"ಬೇಡಮ್ಮ. ಒಂದು ಮಾತು ಕೇಳ್ಬೇಕಿತ್ತು. ಕೇಳೋಕೆ ಇದು ಹೊತ್ತಲ್ಲ."

"ಕೇಳಿ."

ಪರದೆ ಇದ್ದದ್ದೇ ಒಳ್ಳೆಯದಾಯಿತು. ಮುಖ ಕಂಡಿದ್ದರೆ ಇವತ್ತೂ ಕೇಳುತ್ತಿರಲಿಲ್ಲ. "ಖಾದರ್ ನನ್ನ ಜೊತೆ ಆಡೋದು ಯಾಕೆ ಬಿಟ್ಟ?"

"ಮಂಡಿಗೆ ಏನೂ ಆಗಿರ್ಲಿಲ್ಲ ಸಾಹುಕಾರ್ರೆ," ಎಂದಳು ರೌಶನ್ ಬೀ.

"ಅದು ಗೊತ್ತು."

"ದೇಶವೇ ಆಡಲ್ಲ ಅಂದ್ಮೇಲೆ ನಾನೂ ಆಡಲ್ಲ ಅಂದ್ರು. ನಾನು ಬೈದೆ. ನಿಮ್ಮ ಸಾಹುಕಾರ್ರು ಕೆಟ್ಟವ್ರಲ್ಲ, ಮಗಳ ಮದುವೆಗೆ ಜೀಪು ಕಳ್ಸಿದ್ರು, ಇದೆಂಥ ಹಟ ಅಂತ. ಅವರು ಕೆಟ್ಟವ್ರು ಅಂತ ನಾನೆಲ್ಲಿ ಹೇಳ್ದೆ, ಅವರಿಗೆ ಬಿಸಿಲು ಗೊತ್ತಿಲ್ಲ, ಅಷ್ಟೇ ಅಂದ್ರು. ಒಂದು ದಿನ ಅವರಾಗಿ ಬಿಸಿಲಿನ ಕಡೆ ನಿಂತು ಬಾ ಖಾದರ್ ಅಂದ್ರೆ ಅವತ್ತೇ ಆಡ್ತೀನಿ, ನಿಜವಾದ ಆಟ ಆಡ್ತೀನಿ ಅಂತಿದ್ರು. ಮಳೆಗಾಲ ಬಂದ್ರೆ ರಾಕೆಟ್ಟಿಗೆ ಬೂಸ್ಟು ಹಿಡೀಬಾರ್ದು ಅಂತ ಒಲೆ ಮೇಲಿನ ಅಟ್ಟದಲ್ಲಿ ಇಟ್ಟುಬಿಡೋರು. ಹದಿಮೂರು ಮಳೆಗಾಲ."

ಓಂಕಾರಮೂರ್ತಿಗಳು ಚಾಪೆಯ ಅಂಚನ್ನು ನೋಡುತ್ತಾ ಕೂತರು. ಬಿಸಿಲು ನನ್ನ ಕಣ್ಣಿಗೆ ಆಗಲ್ಲ ಮಾರಾಯ. ಆ ಮಾತು ಅವರಿಗೆ ಮರೆತೇಹೋಗಿತ್ತು. ಈಗ ತಮ್ಮದೇ ದನಿಯಲ್ಲಿ, ಆ ನಗುವಿನ ಸಮೇತ ಕೇಳಿಸಿತು.

"ಇವತ್ತು ಮತ್ತೆ ರಾಕೆಟ್ ತಂದಿದ್ದ," ಎಂದರು ಕೊನೆಗೆ.

"ತಗೊಂಡು ಹೋದ್ರು. ನಾನೇ ಅಟ್ಟದಿಂದ ಇಳ್ಸಿ ಕೊಟ್ಟೆ." ದನಿ ಒಡೆಯಿತು, ಮತ್ತೆ ಸರಿಹೋಯಿತು. "ಈ ಸಲ ನಮ್ಮವ್ರು ಆಡ್ತಿದ್ದಾರೆ, ನಾನೂ ಆಡ್ತೀನಿ ಅಂದ್ರು. ಅವರು ಕೇಳ್ಲಿ ಅಂತ ಕಾದು ಮುದುಕ ಆದೆ, ಇವತ್ತು ನಾನೇ ಇನ್ನೊಂದ್ಸಲ ಕೇಳ್ತೀನಿ, ಬಂಗಲೆ ಕಡೆ ಕುರ್ಚಿ ಮೇಲೆ ರಾಕೆಟ್ ಇಟ್ಟು ಬಾಗಿಲಲ್ಲಿ ನಿಂತ್ಕೊಳ್ತೀನಿ, ನೋಡೋಣ ಏನಂತಾರೆ ಅಂತ ನಗ್ತಾ ಹೋದ್ರು. ಚಾ ಕೂಡ ಪೂರ್ತಿ ಕುಡೀಲಿಲ್ಲ. ನೀವೇನಂತಿದ್ರಿ ಸಾಹುಕಾರ್ರೆ? ಅದನ್ನೇ ಕೇಳ್ಬೇಕಿತ್ತು ನಾನು."

ಹೂಂ ಅಂತಿದ್ದೆ ಎನ್ನುವುದು ಎಷ್ಟು ಸುಲಭವಿತ್ತು. ಓಂಕಾರಮೂರ್ತಿಗಳು ಬಾಯಿ ತೆರೆದರು. ಸತ್ತವನ ಮನೆಯ ಜಗಲಿಯಲ್ಲಿ ಕೂತು ಸುಳ್ಳು ಹೊರಡಲಿಲ್ಲ. ನಿನ್ನೆಯವರೆಗಿನ ತಾನು ಏನೆನ್ನುತ್ತಿದ್ದೆನೋ ಅವರಿಗೇ ತಿಳಿಯದು. ಕೈ ಮುಗಿದರು. ಪರದೆಯ ಆಚೆಗೆ ಅದು ಕಾಣಿಸಿತೋ ಇಲ್ಲವೋ.

*

ಕ್ಲಬ್ಬಿಗೆ ಬಂದಾಗ ಸಂಜೆ ಐದು. ಬೆಳ್ಳಿಯಪ್ಪ ವರಾಂಡದಲ್ಲಿ ರೇಡಿಯೋ ಇಟ್ಟುಕೊಂಡು ಗುಂಡಿ ತಿರುಗಿಸುತ್ತಿದ್ದರು. ಅದು ಗೊರಗೊರ ಎನ್ನುತ್ತಾ ಸಮುದ್ರದಾಚೆಯ ಯಾವುದೋ ಊರಿನ ಜನರ ಗದ್ದಲವನ್ನು ತಂದು ಮತ್ತೆ ಕಳೆದುಕೊಳ್ಳುತ್ತಿತ್ತು.

"ಬಾ ಮೂರ್ತಿ. ಹುಡುಗರನ್ನ ಕಳ್ಸಿ ಉಳಿದ ಗೆರೆ ಹಾಕ್ಸೋಣ ಅಂದ್ಕೊಂಡೆ, ಮನಸ್ಸು ಬರ್ಲಿಲ್ಲ."

"ನಾನು ಹಾಕ್ತೀನಿ."

"ನೀನಾ?"

ಓಂಕಾರಮೂರ್ತಿಗಳು ಕೋರ್ಟಿಗೆ ಇಳಿದರು. ಬೆತ್ತದ ಕುರ್ಚಿಯ ಮೇಲೆ ರಾಕೆಟ್ ಹಾಗೇ ಇತ್ತು, ಹಿಡಿಗೆ ಹೊಸ ಬಟ್ಟೆ ಸುತ್ತಿತ್ತು, ಮೂಸಿದರೆ ಹೊಗೆಯ ವಾಸನೆ. ಅದನ್ನು ಅಲ್ಲೇ ಬಿಟ್ಟರು. ಸುಣ್ಣದ ಡಬ್ಬಿಗೆ ನೀರು ಬೆರೆಸಿ, ಕುಂಚ ಹಿಡಿದು, ನೆಟ್ಟು ದಾಟಿ ಆಚೆ ಹೋದರು. ಈ ಕ್ಲಬ್ಬಿಗೆ ಸೇರಿ ಮೂವತ್ತು ವರ್ಷವಾಗಿತ್ತು, ಬಿಸಿಲಿನ ಕಡೆಗೆ ಹೀಗೆ ಒಬ್ಬರೇ ಹೋದದ್ದು ಅದೇ ಮೊದಲು. ಖಾದರ್ ದಾರ ಕಟ್ಟಿ, ಬಗ್ಗಿ, ಹಿಮ್ಮುಖವಾಗಿ ನಡೆಯುತ್ತಾ ಗೆರೆ ಎಳೆಯುತ್ತಿದ್ದ. ಅವರೂ ಹಾಗೇ ನಡೆದರು. ನಡು ನೊಂದಿತು, ಗೆರೆ ಅಲ್ಲಲ್ಲಿ ಸೊಟ್ಟಗಾಯಿತು. ಆಚೆ ಕಡೆಯ ಗೆರೆ ಮಾತ್ರ ಬಿಗಿದ ತಂತಿಯ ಹಾಗಿತ್ತು. ಎರಡೂ ನೆಟ್ಟಿನ ಕೆಳಗೆ ಬಂದು ಸೇರಿದವು.

"ಸಾಕು ಬಾ ಮಾರಾಯ, ಆಟ ಶುರುವಾಯ್ತು," ಎಂದು ಬೆಳ್ಳಿಯಪ್ಪ ಕೂಗಿದರು. "ಆ ಕಡೆ ಯಾಕೆ ನಿಂತಿದ್ದೀ, ಬಿಸಿಲು."

ಓಂಕಾರಮೂರ್ತಿಗಳು ತಲೆ ಎತ್ತಿದರು. ಬಂಗಲೆಯ ಹೆಂಚಿನ ಮೇಲಿಂದ ಇಳಿಬಿಸಿಲು ನೇರವಾಗಿ ಬಂದು ಕಣ್ಣಿಗೆ ಹೊಡೆಯಿತು. ವರಾಂಡ ಮಾಯವಾಯಿತು, ಬೆಳ್ಳಿಯಪ್ಪ ಮಾಯವಾದರು, ಕುರ್ಚಿ, ರಾಕೆಟ್, ಇಡೀ ಆ ಕಡೆಯೇ ಬೆಳಕಿನಲ್ಲಿ ಕರಗಿಹೋಯಿತು. ಕಣ್ಣು ಕಿರಿದು ಮಾಡಿದರು. ಆಚೆ ಯಾರಿದ್ದಾರೆ, ಯಾರಿಲ್ಲ, ಒಂದೂ ಕಾಣುತ್ತಿರಲಿಲ್ಲ.

"ಬಾ ಖಾದರ್," ಎಂದರು.

ಮತ್ತೆ ಎರಡು ಹೆಜ್ಜೆ ಹಿಂದೆ ಸರಿದು, ತಾವೇ ಎಳೆದ ಸೊಟ್ಟ ಗೆರೆಯ ಹಿಂದೆ ಮೊಣಕಾಲು ಬಗ್ಗಿಸಿ, ಹಣೆಗೆ ಕೈ ಅಡ್ಡ ಹಿಡಿದು ಸರ್ವಿಸಿಗಾಗಿ ಕಾದು ನಿಂತರು.