ಫೋಟೊಗೆ ಕುಂಕುಮ

"ಎಲ್ರೂ ಕುಂಕುಮ ಇಟ್ಕೊಳ್ಳಿ, ಬಳೆ ಹಾಕ್ಕೊಳ್ಳಿ. ಪೇಪರಿಗೆ ಫೋಟೊ ಕಳಿಸ್ಬೇಕು," ಎನ್ನುತ್ತ ಎಚ್‌ಆರ್ ಮೇಡಂ ಪದ್ಮಶ್ರೀ ಭರಣಿ ಹಿಡಿದು ಸಾಲಿನುದ್ದಕ್ಕೂ ಬಂದಳು.

ಆಂಜನಮ್ಮನಿಗೆ ಮೈಯೆಲ್ಲ ಉರಿಯಿತು. ವಿಮಾನಪುರದ ಹಿಂದಿನ ಈ ಕಾರ್ಖಾನೆಯಲ್ಲಿ ಅವರೆಲ್ಲ ಸೇನೆಯ ಡ್ರೋನುಗಳಿಗೆ ವೈರು ಕಟ್ಟುವವರು. ಒಳಗೆ ಬಳೆ ಕೂಡದು, ಹಣೆಗೆ ಏನೂ ಕೂಡದು. ಉದುರಿ ವೈರುಗಳ ನಡುವೆ ಸೇರಿಕೊಂಡರೆ ಗತಿಯೇನು? ಹೋದ ತಿಂಗಳು ಅವಳ ಸ್ಟಿಕರ್ ಬೊಟ್ಟು ಒಂದು ವೈರಿನ ಕಟ್ಟಿನೊಳಗೆ ಸಿಕ್ಕಿದ್ದಕ್ಕೆ ಇದೇ ಪದ್ಮಶ್ರೀ ಎಲ್ಲರೆದುರು ನಿಲ್ಲಿಸಿ ಉಗಿದಿದ್ದಳು. ಗಡಿಯಲ್ಲಿ ಯುದ್ಧ ಶುರುವಾದದ್ದೇ ತಡ, ರಜೆ ರದ್ದಾಗಿ, ಒಂದು ಪಾಳಿ ಎರಡಾಗಿ, ಈಗ ತಾವೆಲ್ಲ ವೀರನಾರಿಯರು. ಥೂ, ಈ ಕಂಪನಿಯವರ ನಾಟಕಕ್ಕಿಷ್ಟು ಬೆಂಕಿ ಹಾಕ.

ಪಕ್ಕದಲ್ಲಿ ರುದ್ರಾಣಿ ತಲೆ ಬಾಚಿಕೊಂಡು ನೆಟ್ಟಗೆ ನಿಂತಿದ್ದಳು. ಯಾದಗಿರಿ ಕಡೆಯವಳು, ಗಂಡ ಸತ್ತವಳು. ಮಗಳು ಊರಲ್ಲಿ ಅತ್ತೆಯ ಹತ್ತಿರ. ರಾತ್ರಿಯೆಲ್ಲ ಹೊರಗಿರುವ ಹೆಂಗಸಿನ ಕೈಗೆ ಹುಡುಗಿಯನ್ನು ಕೊಡುವುದಿಲ್ಲವೆಂದು ಅತ್ತೆಯ ಹಟ. ಪೇಪರಿನಲ್ಲಿ ಫೋಟೊ ಬಂದರೆ ಮುದುಕಿಯ ಬಾಯಿ ಮುಚ್ಚೀತು, ಶಾಲೆ ಶುರುವಾಗುವ ಮೊದಲು ಮಗಳನ್ನು ಬೈಯಪ್ಪನಹಳ್ಳಿಯ ಕೋಣೆಗೆ ಕರೆತರಬಹುದು. ಅವಳಿಗಿದ್ದದ್ದು ಅದೊಂದೇ ಆಸೆ.

ಭರಣಿ ಹತ್ತಿರ ಬಂದಾಗ ಮುಖ ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರಿ ಮೇಡಂ. ನಮ್ಮನಿಯವ್ರು ತೀರ್ಕೊಂಡಾರ್ರಿ."

"ಓ, ಸಾರಿ. ಹಾಗಾದ್ರೆ ನೀವು ಸ್ವಲ್ಪ ಆ ಕಡೆ ಹೋಗ್ಬಿಡಿ. ಫೋಟೊದಲ್ಲಿ ಎಲ್ರೂ ಒಂದೇ ಥರ ಕಾಣ್ಬೇಕು."

"ನಾ ಫೋಟೊದಾಗ ಇರ್ಬೇಕ್ರಿ," ರುದ್ರಾಣಿ ನಿಂತ ಜಾಗ ಬಿಡಲಿಲ್ಲ. "ಎಲ್ಲಾರ್ ಹಂಗ ನಾನೂ ದುಡ್ದೀನ್ರಿ."

ಆಂಜನಮ್ಮ ಕೈಗೆ ಹಾಕಿದ್ದ ಬಳೆ ಕಿತ್ತು ಮೇಜಿನ ಮೇಲೆ ಕುಕ್ಕಿದಳು. "ಎರಡೆರಡು ಪಾಳಿ ದುಡಿಸ್ಕೊಳ್ವಾಗ ಅವಳ ಹಣೆ ನೋಡಿದ್ರಾ ಮೇಡಂ? ಅವಳು ನಿಲ್ದಿದ್ರೆ ನಾನೂ ನಿಲ್ಲಲ್ಲ. ನೀವೇ ನಿಂತ್ಕೊಂಡು ತೆಗೆಸ್ಕೊಳ್ಳಿ."

ಸಾಲಿನಲ್ಲಿ ಗುಸುಗುಸು ಎದ್ದಿತು. ಪದ್ಮಶ್ರೀ ಕಂಪನಿಯ ಫೋಟೊಗ್ರಾಫರನತ್ತ ತಿರುಗಿ ಏನೋ ಮೆಲ್ಲಗೆ ಹೇಳಿದಳು. ಅವನು ತಲೆಯಾಡಿಸಿದ. "ಆಯ್ತಮ್ಮ, ನಿಲ್ಲಲಿ ಬಿಡಿ," ಎಂದು ಪದ್ಮಶ್ರೀ ನಕ್ಕಳು. ರುದ್ರಾಣಿ ಬರಿಹಣೆಯಲ್ಲೇ ಮುಂದಿನ ಸಾಲಿನಲ್ಲಿ ನಿಂತಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರುವ ದಾರಿಯಲ್ಲೇ ಅವಳು ಅತ್ತೆಗೆ ಫೋನ್ ಮಾಡಿ, ಪೇಪರು ತರಿಸಿ ನೋಡಿರೆಂದು ಹೇಳಿಬಿಟ್ಟಿದ್ದಳು. ತಾನು ನೋಡಿದ್ದು ಕ್ಯಾಂಟೀನಿಗೆ ಬಂದ ಮೇಲೆ. ಫೋಟೊ ದೊಡ್ಡದಾಗಿಯೇ ಬಂದಿತ್ತು. ಮುಂದಿನ ಸಾಲಿನಲ್ಲಿ ರುದ್ರಾಣಿ, ಅವಳ ಹಣೆಯ ಮೇಲೆ ಎಲ್ಲರಿಗಿರುವಷ್ಟೇ ದುಂಡಗೆ ಕೆಂಪು ಕುಂಕುಮ.

"ನಾ ಹಚ್ಕೊಂಡಿಲ್ಲಲ್ಲಕ್ಕಾ," ಎಂದಳು ರುದ್ರಾಣಿ.

"ಕಂಪ್ಯೂಟರ್‌ನಲ್ಲಿ ಇಟ್ಟವ್ರೆ ಕಣೇ. ಅವ್ರ ಕೈ ಸೇದೋಗ," ಎಂದ ಆಂಜನಮ್ಮ ತಿನ್ನುತ್ತಿದ್ದ ತಟ್ಟೆಯನ್ನು ಆಚೆ ತಳ್ಳಿ, ಪದ್ಮಶ್ರೀಯನ್ನು ಹುಡುಕಿಕೊಂಡು ಎದ್ದು ಹೋದಳು.

ರುದ್ರಾಣಿ ಪೇಪರನ್ನು ಮೇಜಿನ ಮೇಲೆ ಹರಡಿ ಫೋಟೊದಲ್ಲಿನ ತನ್ನ ಹಣೆಯ ಮೇಲಿನ ಕೆಂಪನ್ನು ಉಗುರಿನಿಂದ ಕೆರೆದಳು. ಕಾಗದ ಹರಿದು ತೂತಾಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವಳ ಫೋನು ಹೊಡೆದುಕೊಳ್ಳತೊಡಗಿತು. ಅತ್ತೆಯದು.