ಅಕ್ಕನ ಅಳಿಯನ ಬೂಟು

ಗಂಡನಿಗೆ ಏನಾದರೂ ಗಟ್ಟಿ ಮಾತು ಹೇಳಬೇಕಾದರೆ ಅವಳು ಅವರ ಬಾಯಲ್ಲಿ ಮೊಳೆ ಇರುವ ಹೊತ್ತು ನೋಡಿ ಹೇಳುತ್ತಿದ್ದಳು. ಬೂಟಿನ ಹಿಮ್ಮಡಿ ಬಡಿಯುವಾಗ ಅವರು ಚಿಕ್ಕ ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆಯುತ್ತಿದ್ದರು. ಅಷ್ಟು ಹೊತ್ತು ಬಾಯಿಗೆ ಬೀಗ. ಉಳಿದ ಹೊತ್ತೆಲ್ಲ ಮಾತು ಅವರದೇ. ರಿಪೇರಿಗೆ ಬಂದವರನ್ನೆಲ್ಲ ನಿಲ್ಲಿಸಿಕೊಂಡು ನಡೆಯುವುದು ಹೇಗೆಂದು ಪಾಠ ಮಾಡುತ್ತಿದ್ದುದರಿಂದ ಬೀದಿಯವರು ಅವರಿಗೆ ಬೂಟಿನ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು.

ಮಗನ ವಿಷಯ ಮಾತ್ರ ಮೊಳೆ ಇದ್ದಾಗಲೂ ಎತ್ತುವ ಹಾಗಿರಲಿಲ್ಲ. ಹೋದ ವರ್ಷ ಅಪ್ಪ ಜ್ವರ ಬಂದು ಮಲಗಿದ್ದಾಗ ಮಗರಾಯ ಅಂಗಡಿ ನೋಡಿಕೊಂಡಿದ್ದ. ಅಟ್ಟೆಗಳನ್ನು ಹೊಲಿಯಲು ಮೈಗಳ್ಳತನ. ಬರೀ ಅಂಟು ಬಳಿದು, ಹೊಲಿಗೆಯ ಗೆರೆಯನ್ನು ಪೆನ್ನಿನಲ್ಲಿ ಎಳೆದು ಕೊಟ್ಟುಬಿಟ್ಟ! ಅದರಲ್ಲಿ ಒಂದು ಜೊತೆ ಗಾರೆ ಕೆಲಸದವನದು. ಏಣಿಯ ಮೇಲಿದ್ದಾಗ ಅಟ್ಟೆ ಕಿತ್ತುಬಂದು ಅವನು ಬಿದ್ದು ಕಾಲು ಮುರಿದುಕೊಂಡ. ಮೇಷ್ಟ್ರು ಅವತ್ತು ಮಗನಿಗೆ ಪಾಠ ಮಾಡಲಿಲ್ಲ. "ಇನ್ನು ಈ ಹೊಸಿಲು ತುಳೀಬೇಡ" ಎಂದರು, ಅಷ್ಟೇ.

ಮಗ ಕೆಳಗಿನ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಮನೆ ಮನೆಗೆ ಪಾರ್ಸೆಲ್ ಹಂಚುತ್ತ ಹೊಟ್ಟೆ ಹೊರೆಯುತ್ತಿದ್ದ. ಅವನ ಬೂಟು ಸವೆದಾಗಲೆಲ್ಲ ತಾಯಿ ಅದನ್ನು ಚೀಲದಲ್ಲಿ ತಂದು, "ನಮ್ಮಕ್ಕನ ಅಳಿಯಂದು" ಎಂದು ಗಂಡನ ಮುಂದಿಡುತ್ತಿದ್ದಳು. ಮೇಷ್ಟ್ರು ತುಟಿಪಿಟಕ್ಕೆನ್ನದೆ ರಿಪೇರಿ ಮಾಡಿಕೊಡುತ್ತಿದ್ದರು. ಗಂಡನ ಕಣ್ಣಿಗೆ ಮಣ್ಣೆರಚಿದೆನೆಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಈ ಸಲ ಹಿಗ್ಗಲಿಲ್ಲ. "ಸೋಮವಾರ ಊರು ಬಿಡ್ತೀನಮ್ಮಾ. ಅಪ್ಪನ ಕೋಪ ಇಳಿಯೋದಲ್ಲ. ಬೂಟೊಂದು ಗಟ್ಟಿ ಮಾಡಿಸ್ಕೊಡು, ಸಾಕು" ಎಂದಿದ್ದ ಮಗ. ಬೂಟು ರಿಪೇರಿಯಾದರೆ ಮಗ ಹೋದ ಹಾಗೆ. ಆದರೂ ತಂದಿದ್ದಳು.

ಮರುದಿನ ಭಾನುವಾರ, ಪ್ರಾರ್ಥನಾ ಮಂದಿರದಲ್ಲಿ ಬೈಬಲ್ ಪಾಠ ಹೇಳುವ ಸರದಿ ಮೇಷ್ಟ್ರದು. ಇಸ್ರಾಯೇಲ್ಯರು ಮಾತು ಕೇಳದೆ ಹಟ ಹಿಡಿದದ್ದು, ದೇವರು ಅವರನ್ನು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆಸಿದ್ದು. ಬೂಟಿಗೆ ಹೊಸ ಅಟ್ಟೆ ಹೊಲಿಯುತ್ತ ಹೆಂಡತಿಯ ಮುಂದೆ ಅಭ್ಯಾಸ ನಡೆಸಿದ್ದರು.

"ದೇವರು ಕಲ್ಲುಮನಸ್ಸಿನವನು ಅಂತಾರೆ ಜನ. ನಲವತ್ತು ವರ್ಷ ನಡೆದ್ರೂ ಅವರ ಚಪ್ಪಲಿ ಸವೀಲಿಲ್ವಲ್ಲ, ಅದಕ್ಕೇನಂತಾರೆ? ಒಂದು ವರ್ಷ ಬಾಳೋ ಅಟ್ಟೆ ಹಾಕೋಕೆ ನನಗೆ ಪ್ರಾಣ ಬಾಯಿಗೆ ಬರುತ್ತೆ. ಶಿಕ್ಷೆ ಕೊಟ್ಟವನೇ ಅವರ ಕಾಲನ್ನೂ ನೋಡ್ಕೊಂಡ. ಕರುಣೆ ಅಂದ್ರೆ ಇನ್ನೇನು?"

ಹೇಳಿ ಮುಗಿಸಿ, ಹಿಮ್ಮಡಿ ಬಡಿಯಲು ಮೊಳೆ ಕಚ್ಚಿಕೊಂಡರು. ಅವಳು ಅದನ್ನೇ ಕಾಯುತ್ತಿದ್ದಳು.

"ಚಪ್ಪಲಿ ಸವೀಲಿಲ್ಲ, ಸರಿ. ಹಾಕ್ಕೊಂಡೋರ ಗತಿ? ಹೊರಟ ದೊಡ್ಡೋರಲ್ಲಿ ದೇವರು ಕೊಡ್ತೀನಂದ ನಾಡು ಸೇರಿದ್ದು ಇಬ್ರೇ ಇಬ್ರು. ಮಿಕ್ಕೋರೆಲ್ಲ ದಾರೀಲೇ ಮಣ್ಣಾದ್ರು. ಚಪ್ಪಲಿ ನೆಟ್ಟಗಿತ್ತು ರೀ, ಮನುಷ್ಯರೇ ಸವೆದುಹೋದ್ರು. ದೇವರಿಗಾದ್ರೆ ನಲವತ್ತು ವರ್ಷ ಒಂದು ಲೆಕ್ಕ ಅಲ್ಲ. ನಾವಿಬ್ರು ಇರ್ತೀವಾ ಅಲ್ಲೀವರೆಗೆ? ಸೋಮವಾರ ಅವನು ಊರು ಬಿಟ್ಟು ಹೋಗ್ತಿದ್ದಾನೆ."

ಸುತ್ತಿಗೆ ನಿಂತಿತು. ಮೇಷ್ಟ್ರು ಮೊಳೆಗಳನ್ನು ಅಂಗೈಗೆ ಉಗಿದುಕೊಂಡರು.

"ಯಾರು? ನಿಮ್ಮಕ್ಕನ ಅಳಿಯಾನಾ?"

ಎಡಗಾಲಿನ ಬೂಟನ್ನು ಎತ್ತಿ, ಸವೆದ ಅಟ್ಟೆಯನ್ನು ಅವಳ ಮುಂದೆ ಹಿಡಿದರು.

"ಅವನು ಬಸ್ ಡ್ರೈವರು ಕಣೇ. ದಿನವಿಡೀ ಕೂತಿರೋನ ಬೂಟು ಹೀಗೆ ಸವೆಯುತ್ತಾ? ಸುಳ್ಳು ಹೇಳೋಕೆ ಬೇರೆ ಯಾರೂ ಸಿಗಲಿಲ್ವಾ ನಿನಗೆ? ಈ ಬೂಟಿನೋನು ಎಡಗಾಲು ಒಳಕ್ಕೆ ಎಳೀತಾನೆ. ನಡೆಯೋಕೆ ಕಲಿತಾಗಿನಿಂದ ನೋಡ್ತಿದ್ದೀನಿ."

ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಪ್ರತಿ ಸಲ ಹೊಲಿದುಕೊಟ್ಟರಲ್ಲ ಎಂದು ಅಳುವೂ ಬಂತು. ಮೊದಲು ಬಾಯಿಗೆ ಬಂದದ್ದು ಸಿಟ್ಟೇ. "ಹಾಗಾದ್ರೆ ಕರೆಯೋಕೆ ಏನು ಧಾಡಿ?"

"ಆ ಗಾರೆಯವನು ಇವತ್ತಿಗೂ ಕುಂಟ್ಕೊಂಡೇ ನಮ್ಮ ಅಂಗಡಿ ಮುಂದೆ ಹೋಗ್ತಾನೆ. ಅದನ್ನ ನೋಡ್ಕೊಂಡು ಇವನನ್ನ ಹೇಗೆ ಕರೀಲಿ?"

ಮೇಷ್ಟ್ರು ಬಲಗಾಲಿನ ಬೂಟು ಮುಗಿಸಿ, ಬಟ್ಟೆಯಲ್ಲಿ ಒರೆಸಿ ಅವಳ ಕೈಗಿಟ್ಟರು. ಎಡಗಾಲಿನದನ್ನು ಮುಟ್ಟಲಿಲ್ಲ. ಅದನ್ನು ಮಗ ಕೂರುತ್ತಿದ್ದ ಮಣೆಯ ಎದುರಿಗಿಟ್ಟು, ಪಕ್ಕದಲ್ಲಿ ದಬ್ಬಳವನ್ನೂ ಮೇಣದ ದಾರವನ್ನೂ ಇಟ್ಟರು. ಅಂಟಿನ ಡಬ್ಬವನ್ನು ಎತ್ತಿ ಮೇಲಿನ ಗೂಡಿಗೆ ತಳ್ಳಿದರು.

"ಇದೊಂದನ್ನು ಕೊಟ್ಟು ಬಾ. ಇನ್ನೊಂದು ಬೇಕಿದ್ರೆ ಬಂದು ಅವನೇ ಹೊಲ್ಕೊಳ್ಲಿ. ನನ್ನ ಕಣ್ಣೆದುರಿಗೆ, ಒಂದೊಂದು ಹೊಲಿಗೇನೂ. ಆಮೇಲೆ ಆ ಗಾರೆಯವನ ಮನೆಗೆ ಹೋಗಿ ತಪ್ಪಾಯ್ತು ಅನ್ಲಿ."

"ಮತ್ತೆ ಹೊಸಿಲು?" ಎಂದಳು.

ಮೇಷ್ಟ್ರು ಉಳಿದ ಮೊಳೆಗಳನ್ನೆಲ್ಲ ಒಟ್ಟಿಗೆ ಬಾಯಿಗೆ ಹಾಕಿಕೊಂಡುಬಿಟ್ಟರು. ಮೊಳೆ ಬಡಿಯುವ ಕೆಲಸ ಅವತ್ತಿಗೆ ಯಾವುದೂ ಉಳಿದಿರಲಿಲ್ಲ. ಅವಳು ಒಂಟಿ ಬೂಟನ್ನು ಕಂಕುಳಲ್ಲಿ ಅವುಚಿಕೊಂಡು, ಚೀಲವನ್ನೂ ಮರೆತು, ಕೆಳಗಿನ ಬೀದಿಗೆ ಓಡಿದಳು.