ಇಲಿ ಮೇಷ್ಟರು ಕೊಡದೆ ಹೋದ ಬಾಳೆಹಣ್ಣು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ‘ಹೌದು’ ಎಂಬ ಶಬ್ದವನ್ನು ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ಎದುರಿಗಿದ್ದವರು ಸರಿಯಾದದ್ದನ್ನು ಹೇಳಿದರೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ‘ಟಕ್’ ಎನ್ನಿಸುತ್ತಿದ್ದರು. ತಪ್ಪು ಹೇಳಿದರೆ ಅದೂ ಇಲ್ಲ, ಮುಖ ನೋಡುತ್ತ ಸುಮ್ಮನೆ ಕಾಯುತ್ತಿದ್ದರು. ಅಡುಗೆಗೆ ಉಪ್ಪು ಹದವಾಗಿ ಬಿದ್ದ ದಿನ ಅಕ್ಕನಿಗೆ ಒಂದು ಟಕ್. ಮಗಳು ತಾನು ಮೆಚ್ಚಿದವನನ್ನು ಮನೆಗೆ ಕರೆತಂದಾಗ ಆ ಬಡಪಾಯಿ ಇಡೀ ಸಂಜೆ ಬೆವತು, ಹೊರಡುವ ಹೊತ್ತಿಗೆ ಹೇಗೋ ಒಂದು ಟಕ್ ಸಂಪಾದಿಸಿಕೊಂಡು ಅಳಿಯನಾದ. “ನನ್ನನ್ನೂ ಇಲಿ ಮಾಡ್ಬಿಟ್ರು ಕಣೋ” ಎಂದು ಅಕ್ಕ ನನ್ನ ಬಳಿ ದೂರುತ್ತಿದ್ದಳು.

ಅಕ್ಕ ಉತ್ಪ್ರೇಕ್ಷೆ ಮಾಡುತ್ತಿರಲಿಲ್ಲ. ಭಾವನ ಉದ್ಯೋಗವೇ ಇಲಿಗಳಿಗೆ ಪಾಠ ಹೇಳುವುದು. ಪ್ರಾಣಿಶಾಸ್ತ್ರದಲ್ಲಿ ದೊಡ್ಡ ಪದವಿ ಪಡೆದವರು ಕ್ಷಯರೋಗದ ಪ್ರಯೋಗಾಲಯವೊಂದರಲ್ಲಿ ಇಲಿ ಮೇಷ್ಟರಾದಾಗ, ಬೆಟ್ಟ ಅಗೆದು ಇಲಿ ಹಿಡಿದರು ಎಂದು ಬಂಧುವರ್ಗವೆಲ್ಲ ಆಡಿಕೊಂಡು ನಕ್ಕಿತ್ತು. ನಾನೂ ನಕ್ಕವನೇ. ಆದರೆ ಒಂದು ದಿನ ಅವರು ನನ್ನನ್ನು ಕರೆದೊಯ್ದು ತೋರಿಸಿದಾಗ ಆ ನಗೆ ಗಂಟಲಲ್ಲೇ ಉಳಿಯಿತು. ಬೆಕ್ಕಿನ ಗಾತ್ರದ ಇಲಿ. ಗಾಜಿನ ಉದ್ದನೆಯ ಪೆಟ್ಟಿಗೆ. ಅದರ ತಳದಲ್ಲಿ ಸಾಲಾಗಿ ತೂತುಗಳು. ಪ್ರತಿ ತೂತಿನ ಕೆಳಗೂ ಬಿಸಿಗೆ ಹಿಡಿದು ರೋಗಾಣು ಕೊಂದ ಕಫದ ಬಟ್ಟಲು. ಇಲಿ ಮೂಸುತ್ತ ಸಾಗುತ್ತದೆ, ಕ್ಷಯವಿದ್ದಲ್ಲಿ ಮೂಗು ನೆಟ್ಟು ನಿಂತುಬಿಡುತ್ತದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರು ದಿನಗಟ್ಟಲೆ ಮಾಡುವ ಕೆಲಸವನ್ನು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಸುತ್ತದೆ, ಅವರ ಕಣ್ಣಿಗೆ ತಪ್ಪಿದ್ದನ್ನೂ ಎಷ್ಟೋ ಸಲ ಹಿಡಿಯುತ್ತದೆ. ನಾನು ಬೆಕ್ಕಸಬೆರಗಾಗಿ ನಿಂತಿದ್ದೆ. “ಇದಕ್ಕೆ ಕಣ್ಣು ಮಂಜು” ಎಂದರು ಭಾವ. “ಅದೇ ಒಳ್ಳೇದಾಯ್ತು. ಮುಖ ನೋಡಿ ಮಾತಾಡಲ್ಲ.”

ಜನರನ್ನು ಹೀಗೆ ಬೆಚ್ಚಿಬೀಳಿಸುವುದು ಅವರಿಗೆ ಪರಮ ಪ್ರೀತಿಯ ವ್ಯಸನವಾಗಿತ್ತು. ಊಟಕ್ಕೆ ಕೂತ ಅತಿಥಿ ತುತ್ತೆತ್ತುವ ಹೊತ್ತಿಗೆ ಸರಿಯಾಗಿ, ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ ಎನ್ನುವರು. ಆಕ್ಟೋಪಸ್ಸಿಗೆ ಮೂರು ಹೃದಯ ಎನ್ನುವರು. ಚಳಿನಾಡಿನ ಒಂದು ಕಪ್ಪೆ ಚಳಿಗಾಲವಿಡೀ ಎದೆಬಡಿತ ನಿಲ್ಲಿಸಿ ಮಂಜುಗಡ್ಡೆಯಾಗಿ ಬಿದ್ದಿದ್ದು, ಬೆಚ್ಚಗಾದ ಕೂಡಲೇ ಎದ್ದು ಕುಪ್ಪಳಿಸುತ್ತದೆ ಎನ್ನುವರು. ಅತಿಥಿಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಮೈಮೇಲೆ ಸದಾ ಒಂದು ಕಂದು ಕೋಟು; ಅದರ ಬಲಜೇಬನ್ನು ಇಲಿಗಳು ಕಡಿದಷ್ಟು ಸಲವೂ ಅಕ್ಕ ಕೈಗೆ ಸಿಕ್ಕ ಬಣ್ಣದ ದಾರದಲ್ಲಿ ಹೊಲಿದು, ಜೇಬೇ ಒಂದು ಚಿತ್ರಪಟವಾಗಿತ್ತು. ಆ ಜೇಬಿನಲ್ಲಿ ಒತ್ತಿದರೆ ಟಕ್ ಎನ್ನುವ ಪುಟ್ಟ ಡಬ್ಬಿ ಇರುತ್ತಿತ್ತು. ಇಲಿ ಸರಿಯಾದ ತೂತಿನ ಮೇಲೆ ನಿಂತರೆ ಡಬ್ಬಿ ಟಕ್ ಎನ್ನಬೇಕು, ಕೂಡಲೇ ಹಿಸುಕಿದ ಬಾಳೆಹಣ್ಣು ಸಿಗಬೇಕು. ತಪ್ಪಿದರೆ ಹಣ್ಣಿಲ್ಲ. ತಮ್ಮ ಜೀವನದರ್ಶನವನ್ನೂ ಅವರು ಅಲ್ಲಿಂದಲೇ ಎತ್ತಿಕೊಂಡಿದ್ದರು. “ಬಾಳೆಹಣ್ಣಿಲ್ದೆ ಯಾರೂ ನಿಜ ಹೇಳಲ್ಲ. ಇಲೀನೂ ಅಷ್ಟೆ, ಮನುಷ್ಯನೂ ಅಷ್ಟೆ.”

ಅವರ ಶಿಷ್ಯೆಯರಲ್ಲಿ ಅಗ್ರಗಣ್ಯಳಾದ ಇಲಿಗೆ ದೊಡ್ಡಮ್ಮ ಎಂದು ಹೆಸರು. ಆಕೆ ಆಡಿದ್ದೇ ಕೊನೆಯ ಮಾತು ಎಂಬ ಕಾರಣಕ್ಕೆ. ಇಲಿಯ ಮೂಗು ಚುರುಕಾಗಿದೆಯೇ ಎಂದು ಪರೀಕ್ಷಿಸಲು ದಿನವೂ ಸಾಲಿನ ನಡುವೆ ರೋಗವಿಲ್ಲವೆಂದು ಖಚಿತವಾಗಿ ಗೊತ್ತಿರುವ ಒಂದು ಬಟ್ಟಲು ಇಡಬೇಕು. ಅದಕ್ಕೆ ಭಾವ ಮೊದಲಿನಿಂದಲೂ ಬಳಸುತ್ತಿದ್ದದ್ದು ತಮ್ಮದೇ ಕಫವನ್ನು. “ಶುದ್ಧವಾದ್ದು ಹುಡುಕ್ಕೊಂಡು ಬೇರೆ ಎಲ್ಲಿಗೆ ಹೋಗ್ಲಿ, ನಾನೇ ಇದೀನಲ್ಲ” ಎಂಬ ಹೆಮ್ಮೆ. ಸ್ವಲ್ಪ ಕೆಮ್ಮಿತ್ತು ನಿಜ. ಅದು ಗೂಡಿಗೆ ಹಾಸುವ ಮರದ ಹೊಟ್ಟಿನ ದೂಳು ಎನ್ನುತ್ತಿದ್ದರು. ಹೆರಿಗೆಗೆ ಬಂದ ಮಗಳು ಕೂಸಿನೊಂದಿಗೆ ಮನೆಯಲ್ಲೇ ಇದ್ದಳು, ಆ ಕೂಸು ದಿನಾ ಸಂಜೆ ತಾತನ ಎದೆಯ ಮೇಲೆ ಮಲಗಿದರೇನೇ ನಿದ್ದೆ ಹೋಗುತ್ತಿತ್ತು.

ಹೀಗಿರುವಾಗ ದೊಡ್ಡಮ್ಮ ಒಂದು ಬೆಳಗ್ಗೆ ಭಾವನ ಬಟ್ಟಲಿನ ಮೇಲೆ ನಿಂತಳು. ಅವರು ಡಬ್ಬಿ ಒತ್ತಲಿಲ್ಲ, ಹಣ್ಣು ಕೊಡಲಿಲ್ಲ. ಮರುದಿನವೂ ನಿಂತಳು, ಅದರ ಮರುದಿನವೂ. ಹಣ್ಣು ಸಿಗದ ತಪ್ಪನ್ನು ಇಲಿ ಬೇಗ ಬಿಟ್ಟುಬಿಡಬೇಕು; ಈಕೆ ವಾರ ಕಳೆದರೂ ಬಿಡಲಿಲ್ಲ. ಪ್ರಯೋಗಾಲಯದ ಡಾಕ್ಟರು “ಮೇಷ್ಟ್ರೇ, ನಿಮ್ಮ ದೊಡ್ಡಮ್ಮಂಗೆ ವಯಸ್ಸಾಯ್ತು. ನಾಳೆಯಿಂದ ಕೆಲಸ ಬೇಡ” ಎಂದುಬಿಟ್ಟರು. ಶಿಷ್ಯೆಯ ಮಾನ ಉಳಿಸಲು ಭಾವ ಕೊನೆಯದೊಂದು ಅವಕಾಶ ಕೇಳಿಕೊಂಡರು. ಸಾಲಿಗೆ ಇನ್ನೊಂದು ಶುದ್ಧ ಬಟ್ಟಲು ಬೇಕಿತ್ತು. ನನ್ನನ್ನು ಕರೆಸಿ, “ಹತ್ತಾರು ವರ್ಷದಿಂದ ನಮ್ಮನೇಲಿ ತಿಂತಿದೀಯ, ಇವತ್ತು ಸ್ವಲ್ಪ ಕ್ಯಾಕರಿಸಿ ಋಣ ತೀರಿಸು” ಎಂದರು.

ದೊಡ್ಡಮ್ಮ ನನ್ನ ಬಟ್ಟಲನ್ನು ಮೂಸಿ, ಲೆಕ್ಕಕ್ಕೇ ತೆಗೆದುಕೊಳ್ಳದೆ ಮುಂದೆ ಹೋದಳು. ಭಾವನ ಬಟ್ಟಲಿನ ಮೇಲೆ ನಿಂತಳು. ಅವರು ಬಟ್ಟಲನ್ನು ಸಾಲಿನ ತುದಿಗೆ ಒಯ್ದಿಟ್ಟರು. ಅಲ್ಲಿ ಹೋಗಿ ನಿಂತಳು. ಸಾಲಿನ ಮೊದಲಿಗೆ ತಂದಿಟ್ಟರು; ಬಂದು ನಿಂತು, ಮೂಗು ನೆಟ್ಟು, ನೆಲವನ್ನು ಪರಪರ ಕೆರೆದಳು. ಅವಳು ಹೇಳುತ್ತಿರುವುದೇನೆಂದು ನನಗೆ ಆಗ ಅರ್ಥವಾಯಿತು. ಭಾವನ ಹೆಬ್ಬೆರಳು ಡಬ್ಬಿಯ ಮೇಲೆ ಹಾಗೇ ಇತ್ತು, ಒತ್ತುತ್ತಿರಲಿಲ್ಲ. ದೊಡ್ಡಮ್ಮ ಮಂಜುಗಣ್ಣು ಅವರ ಕಡೆ ಮಾಡಿ ಕಾಯುತ್ತಿದ್ದಳು, ತಪ್ಪು ಹೇಳಿದವರ ಮುಂದೆ ಅವರು ಕಾಯುತ್ತಿದ್ದ ಹಾಗೆಯೇ. ಆಮೇಲೆ ಭಾವ ಡಬ್ಬಿಯನ್ನು ಜೇಬಿಗಿಳಿಸಿ, ಬಾಯಿಂದಲೇ ‘ಟಕ್’ ಎಂದರು. ಹಿಸುಕಿಟ್ಟಿದ್ದ ಹಣ್ಣನ್ನಷ್ಟೂ ಅವಳ ಮುಂದಿಟ್ಟರು.

“ಹಣ್ಣಿಲ್ದೇನೇ ಹೇಳ್ತಿದ್ಲಲ್ಲೋ” ಎಂದರು ನನ್ನ ಕಡೆ ತಿರುಗಿ. ಮತ್ತೆ ಗೋಡೆ ಹಿಡಿದುಕೊಂಡು, “ಅಕ್ಕನಿಗೆ ಫೋನ್ ಮಾಡು. ಮಗೂನ... ಮಗೂನ ಮೊದ್ಲು ತೋರಿಸ್ಲಿ.”

ಎಲ್ಲ ಪರೀಕ್ಷೆಗಳೂ ದೊಡ್ಡಮ್ಮನ ಮಾತನ್ನೇ ಹೇಳಿದವು. ಕೂಸಿಗೆ ರೋಗ ಹತ್ತಿರಲಿಲ್ಲ. ಮುನ್ನೆಚ್ಚರಿಕೆಯ ಔಷಧಿ ಕೊಟ್ಟರು. ವೈದ್ಯರು ಭಯವಿಲ್ಲ ಎಂದು ಹೇಳುವವರೆಗೆ ಭಾವ ಬೇರೆ ಕೋಣೆಯಲ್ಲಿದ್ದರು, ಕೂಸು ಅತ್ತಾಗಲೆಲ್ಲ ಮುಚ್ಚಿದ ಬಾಗಿಲಿನ ಆಚೆಯಿಂದ ಟಕ್ ಟಕ್ ಎನ್ನುತ್ತಿದ್ದರು. ಅದು ಸುಮ್ಮನಾಗುತ್ತಿತ್ತು. ಅಕ್ಕ ಇತ್ತ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿ ಅಳುತ್ತಿದ್ದಳು.

ಆ ದಿನ ನೆನೆದರೆ ನನಗೆ ಈಗಲೂ ಮೈ ನಡುಗುತ್ತದೆ. ಇಲಿಯ ಮೂಗಿಗಿಂತ ಹೆಚ್ಚಾಗಿ ಆ ವಾರವೆಲ್ಲ ಅವಳಿಗೆ ಕೊಡದೆ ಹೋದ ಹಣ್ಣುಗಳನ್ನು ನೆನೆದು. ಕಲಿಸುವುದನ್ನೇ ಕಸುಬಾಗಿಸಿಕೊಂಡವರ ಜಾತಿಯೇ ವಿಚಿತ್ರ. ಸತ್ಯವನ್ನು ಮೂಸಿ ಹಿಡಿಯುವುದನ್ನು ಲೋಕಕ್ಕೆಲ್ಲ ಕಲಿಸುತ್ತಾರೆ, ಶಿಷ್ಯ ಒಂದು ದಿನ ಅವರೆದುರಿಗೇ ಬಂದು ನಿಂತರೆ ಇದಕ್ಕೆ ವಯಸ್ಸಾಯಿತು, ತಲೆಕೆಟ್ಟಿತು ಎಂದು ಹಣ್ಣನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಅವರಲ್ಲಿ ಬಹುಮಂದಿ ಹಾಗೆಯೇ ಮುಗಿದು ಹೋಗುತ್ತಾರೆ, ತಮ್ಮ ಎದೆಯ ಮೇಲೆ ಯಾರು ಮಲಗಿದ್ದಾರೆಂದೂ ನೋಡದೆ. ಎಲ್ಲೋ ಒಬ್ಬರು ತಡವಾಗಿಯಾದರೂ ಟಕ್ ಎನ್ನುತ್ತಾರೆ, ಅಂಥವರ ಮೊಮ್ಮಕ್ಕಳು ಬದುಕಿಕೊಳ್ಳುತ್ತವೆ.